ಅಳತೆಪಟ್ಟಿ ಇಲ್ಲದ ಪ್ರೋಟೀನಿಗೆ ಕೋಶದ ನಡು ಹೇಗೆ ತಿಳಿಯುತ್ತದೆ?

ಪ್ರಶ್ನೆ: ಭೋಸರಿ ಟೂಲ್‌ರೂಮ್, ಪುಣೆ

ಬಳಗದ ಎಲ್ಲರಿಗೂ ನಮಸ್ಕಾರ. ನಾನು ಜೀವಶಾಸ್ತ್ರ ಓದಿದವನಲ್ಲ. ಧಾರವಾಡದಲ್ಲಿ ಐಟಿಐ ಮುಗಿಸಿ ಪುಣೆಗೆ ಬಂದವನು. ಇಪ್ಪತ್ತಾರು ವರ್ಷಗಳಿಂದ ಭೋಸರಿಯ ಒಂದು ಟೂಲ್‌ರೂಮಿನಲ್ಲಿ ಡೈ ಮತ್ತು ಜಿಗ್ ಮಾಡುವ ಕೆಲಸದಲ್ಲಿದ್ದೇನೆ. ಮಗಳು ಇಲ್ಲಿಯೇ ಬಯೋಟೆಕ್ನಾಲಜಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕಳೆದ ಭಾನುವಾರ ಅವಳು ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ವಿಡಿಯೊ ತೋರಿಸಿದಳು. ಮಾತ್ರೆಯ ಕ್ಯಾಪ್ಸೂಲಿನ ಆಕಾರದ ಒಂದು ಬ್ಯಾಕ್ಟೀರಿಯ. ಅದರ ಒಂದು ತುದಿಯಲ್ಲಿ ಹಸಿರು ಬೆಳಕು ಕೂಡಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಕರಗಿ ಇನ್ನೊಂದು ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತೆ ಮೊದಲಿನ ತುದಿಗೆ ಮರಳುತ್ತದೆ. "ತನ್ನ ನಡು ಎಲ್ಲಿದೆ ಎಂದು ಈ ಕೋಶ ಕಂಡುಕೊಳ್ಳುವುದು ಹೀಗೆ, ಅಪ್ಪಾ" ಎಂದಳು. ಹೇಗೆ ಎಂದು ಕೇಳಿದ್ದಕ್ಕೆ "ಸ್ವಯಂಸಂಘಟನೆ" ಎಂಬ ಪದ ಹೇಳಿ ಪರೀಕ್ಷೆಗೆ ಓದಲು ಎದ್ದು ಹೋದಳು. ನನಗೆ ಪದ ಸಿಕ್ಕಿತು, ವಿಷಯ ಸಿಗಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ದುಂಡು ಸರಳಿನ ಕೇಂದ್ರ ಬೇಕಾದರೆ ಜೆನ್ನಿ ಕ್ಯಾಲಿಪರಿನಿಂದ ನಾಲ್ಕು ಕಡೆಯಿಂದ ಕಮಾನು ಗೀಚಿ, ಅವುಗಳ ನಡುವೆ ಉಳಿಯುವ ಚಿಕ್ಕ ಜಾಗದಲ್ಲಿ ಸೆಂಟರ್ ಪಂಚ್ ಹೊಡೆಯುತ್ತೇವೆ. ಅಂದರೆ ಮೊದಲು ಅಂಚನ್ನು ಮುಟ್ಟಬೇಕು, ಮುಟ್ಟಿದ ದೂರವನ್ನು ಬದಲಾಗದಂತೆ ಹಿಡಿದಿಡುವ ಉಪಕರಣ ಬೇಕು, ಎದುರು ಬದಿಯಿಂದ ಬಂದ ದೂರದೊಂದಿಗೆ ಅದನ್ನು ಹೋಲಿಸುವ ಕಣ್ಣು ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೇಂದ್ರ ಸಿಗುವುದಿಲ್ಲ ಎಂದು ಹೊಸದಾಗಿ ಬಂದ ಹುಡುಗರಿಗೆ ಹೇಳಿಕೊಡುವವನೇ ನಾನು. ಮಗಳ ಪುಸ್ತಕದ ಪ್ರಕಾರ ಕೋಶದ ಉದ್ದ ಸುಮಾರು 3 ಮೈಕ್ರೋಮೀಟರ್, ಪ್ರೋಟೀನಿನ ಗಾತ್ರ ಸುಮಾರು 5 ನ್ಯಾನೋಮೀಟರ್. ಆರುನೂರು ಪಟ್ಟು ವ್ಯತ್ಯಾಸ. ನನ್ನಂಥ ಐದೂವರೆ ಅಡಿಯ ಮನುಷ್ಯನನ್ನು ಒಂದು ಕಿಲೋಮೀಟರ್ ಉದ್ದದ ಶೆಡ್ಡಿನಲ್ಲಿ ಬಿಟ್ಟು, ದೀಪ ಆರಿಸಿ, ಸರಿಯಾಗಿ ಮಧ್ಯದಲ್ಲಿ ಗೆರೆ ಎಳೆ ಎಂದಂತಾಯಿತು. ಅದರಲ್ಲಿಯೂ ಆ ಮನುಷ್ಯನಿಗೆ ಕಣ್ಣಿಲ್ಲ, ನೆನಪಿಲ್ಲ, ಎಣಿಸಲು ಬರುವುದಿಲ್ಲ.

ಹಾಗಿದ್ದರೆ ದೂರವನ್ನು ಹಿಡಿದಿಡುವುದು ಯಾವುದು? ಹೋಲಿಸುವುದು ಯಾವುದು? ಕೋಶದ ಆಕಾರವೇ ಬದಲಾದರೆ ಅದು ಈ ಪ್ರೋಟೀನುಗಳಿಗೆ ತಿಳಿಯುತ್ತದೆಯೇ? ಬಲ್ಲವರು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಲೆಕ್ಕ ಬಂದರೆ ಅಡ್ಡಿಯಿಲ್ಲ.

ಉತ್ತರ: ಪವಾಯಿ ಕೆರೆದಂಡೆ, ಮುಂಬೈ

ಸರ್, ನಿಮ್ಮ ಮೂರು ಬೇಡಿಕೆಗಳನ್ನು, ಅಂದರೆ ಮುಟ್ಟುವುದು, ಹಿಡಿದಿಡುವುದು ಮತ್ತು ಹೋಲಿಸುವುದನ್ನು, ಹಾಗೆಯೇ ಇಟ್ಟುಕೊಂಡು ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯವನ್ನು ಅದಕ್ಕಿಂತ ಚೆನ್ನಾಗಿ ಕೇಳುವ ಬಗೆ ನನಗೆ ತೋಚುತ್ತಿಲ್ಲ. ಮೊದಲಿಗೆ ಒಂದು ತಿದ್ದುಪಡಿ: ವಿಡಿಯೊದಲ್ಲಿ ಹೊಳೆಯುವ ಪ್ರೋಟೀನು ನಡುವನ್ನು ಹುಡುಕುತ್ತಿಲ್ಲ. ಅದು ತುದಿಗಳನ್ನು ಕಾಯುತ್ತಿದೆ.

ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯ ಎರಡಾಗುವಾಗ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನು ಕೋಶಪೊರೆಯ ಒಳಮೈಯಲ್ಲಿ ಬಳೆಯಂತೆ ಕೂಡಿಕೊಳ್ಳುತ್ತದೆ. ಆ ಬಳೆ ಬಿಗಿಯಾದಲ್ಲಿ ಕೋಶ ತುಂಡಾಗುತ್ತದೆ. 1967ರಲ್ಲಿ ಹೋವರ್ಡ್ ಆಡ್ಲರ್ ಮತ್ತು ಸಂಗಡಿಗರು ವಿಚಿತ್ರವಾದ ಒಂದು ತಳಿಯನ್ನು ವರ್ಣಿಸಿದರು. ಅದರಲ್ಲಿ ಬಳೆ ನಡುವೆ ಬೀಳದೆ ಎಷ್ಟೋ ಸಲ ತುದಿಯಲ್ಲಿ ಬೀಳುತ್ತಿತ್ತು. ಡಿಎನ್‌ಎ ಇಲ್ಲದ ಪುಟ್ಟ ಗುಂಡುಗಳು ಕಳಚಿಕೊಳ್ಳುತ್ತಿದ್ದವು. ಈ ಮಿನಿ ಕೋಶಗಳಿಂದಲೇ ಮಿನ್ ಎಂಬ ಹೆಸರು ಬಂತು. 1989ರಲ್ಲಿ ಪೀಟ್ ಡಿ ಬೋರ್, ಲಾರೆನ್ಸ್ ರಾತ್‌ಫೀಲ್ಡ್ ಮೊದಲಾದವರು ಇದರ ಹಿಂದೆ ಮಿನ್‌ಸಿ, ಮಿನ್‌ಡಿ, ಮಿನ್‌ಇ ಎಂಬ ಮೂರು ಪ್ರೋಟೀನುಗಳಿವೆ ಎಂದು ತೋರಿಸಿದರು. ಬಳೆ ಕೂಡದಂತೆ ತಡೆಯುವುದು ಮಿನ್‌ಸಿ. ಅದು ಮಿನ್‌ಡಿಯ ಬೆನ್ನೇರಿ ಹೋಗುತ್ತದೆ. ಮಿನ್‌ಡಿ ಎಲ್ಲಿದೆಯೋ ಅಲ್ಲಿ ಬಳೆಗೆ ಜಾಗವಿಲ್ಲ ಎಂದಿಟ್ಟುಕೊಳ್ಳಿ. ನೀವು ನೋಡಿದಂಥ ಓಡಾಟವನ್ನು ಹಸಿರು ಹೊಳೆಯುವ ಪ್ರೋಟೀನಿನ ಬಾಲ ಕಟ್ಟಿ ಮೊದಲು ಕಂಡವರು ಡೇವಿಡ್ ರಸ್ಕಿನ್ ಮತ್ತು ಡಿ ಬೋರ್, ಅದು 1999ರಲ್ಲಿ. ಅಲ್ಲಿಯವರೆಗೆ ಬ್ಯಾಕ್ಟೀರಿಯದೊಳಗೆ ಹೀಗೊಂದು ಲೋಲಕ ಇರಬಹುದೆಂದು ನಿರೀಕ್ಷಿಸಿದವರು ಇರಲಿಲ್ಲವೆಂದೇ ಹೇಳಬಹುದು.

ಈಗ ಯಂತ್ರದ ಒಳಗೆ ಹೋಗೋಣ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಹಿಡಿದ ಮಿನ್‌ಡಿ ಜೋಡಿಯಾಗಿ ಪೊರೆಗೆ ಅಂಟುತ್ತದೆ, ಮತ್ತು ಅಂಟಿದ ಮೇಲೆ ತನ್ನ ಪಕ್ಕಕ್ಕೆ ಇನ್ನಷ್ಟು ಮಿನ್‌ಡಿಯನ್ನು ಸೆಳೆಯುತ್ತದೆ. ಜನ ನಿಂತಲ್ಲಿ ಜನ ಸೇರುವ ಹಾಗೆ ಅಲ್ಲೊಂದು ಗುಂಪು ಬೆಳೆಯುತ್ತದೆ. ಕೇವಲ 88 ಅಮೈನೋ ಆಮ್ಲಗಳ ಪುಟ್ಟ ಮಿನ್‌ಇ ಬಂದು ಈ ಗುಂಪಿಗೆ ಅಂಟಿಕೊಂಡು, ಮಿನ್‌ಡಿ ಹಿಡಿದಿರುವ ಎಟಿಪಿಯನ್ನು ಒಡೆಯುವಂತೆ ಮಾಡುತ್ತದೆ. ಎಟಿಪಿ ಒಡೆದು ಎಡಿಪಿ ಆದ ಮಿನ್‌ಡಿ ಪೊರೆಯಿಂದ ಕಳಚಿ ಕೋಶದ್ರವಕ್ಕೆ ಬೀಳುತ್ತದೆ. ಮಿನ್‌ಇ ಮಾತ್ರ ಪಕ್ಕದ ಮಿನ್‌ಡಿಯನ್ನು ಹಿಡಿಯಲು ಅಲ್ಲಿಯೇ ಉಳಿಯಬಲ್ಲದು. ಹೀಗೆ ಗುಂಪಿನ ಅಂಚಿನಲ್ಲಿ ಮಿನ್‌ಇ ದಟ್ಟವಾಗಿ, ನಡುವಿನ ಕಡೆಯಿಂದ ತುದಿಯ ಕಡೆಗೆ ಗುಂಪನ್ನು ಸಿಪ್ಪೆ ಸುಲಿಯುವಂತೆ ಸುಲಿಯುತ್ತಾ ಹೋಗುತ್ತದೆ. ಕಳಚಿದ ಮಿನ್‌ಡಿ ತಕ್ಷಣ ಮತ್ತೆ ಅಂಟಲಾರದು, ಎಡಿಪಿಯನ್ನು ಬಿಟ್ಟು ಹೊಸ ಎಟಿಪಿಯನ್ನು ಹಿಡಿದ ಮೇಲೆಯೇ ಅದಕ್ಕೆ ಅಂಟುವ ಶಕ್ತಿ. ಆ ಬಿಡುವಿನಲ್ಲಿ ಅದು ದೂರ ಅಲೆದುಬಿಡುತ್ತದೆ. ಹಳೆಯ ತುದಿಯಲ್ಲಿ ಮಿನ್‌ಇ ದಟ್ಟವಾಗಿರುವುದರಿಂದ ಅಲ್ಲಿ ಅಂಟಿದ್ದು ನಿಲ್ಲುವುದಿಲ್ಲ. ಮಿನ್‌ಇ ವಿರಳವಾಗಿರುವ ಎದುರು ತುದಿಯಲ್ಲಿ ಹೊಸ ಗುಂಪು ಕಟ್ಟಿಕೊಳ್ಳುತ್ತದೆ. ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. ಉಷ್ಣತೆ ಏರಿದರೆ ಇನ್ನೂ ಬೇಗ.

ಮುಂಬೈಯಲ್ಲಿ ಇದನ್ನು ಯಾರಿಗೆ ಹೇಳಿದರೂ ಚರ್ಚ್‌ಗೇಟ್–ವಿರಾರ್ ಲೋಕಲನ್ನು ನೆನೆಯುತ್ತಾರೆ. ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಲೆಕ್ಕ ನೋಡಿ: ಕೋಶದ್ರವದಲ್ಲಿ ಇಂಥ ಪ್ರೋಟೀನಿನ ವಿಸರಣಾಂಕ, ಅಂದರೆ ಅದು ತಾನಾಗಿ ಅಲೆದು ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ, ಸೆಕೆಂಡಿಗೆ ಸುಮಾರು 10 ಚದರ ಮೈಕ್ರೋಮೀಟರ್. 3 ಮೈಕ್ರೋಮೀಟರ್ ದಾಟಲು ಬೇಕಾದ ಸಮಯ, ದೂರದ ವರ್ಗವನ್ನು ವಿಸರಣಾಂಕದ ಎರಡರಷ್ಟರಿಂದ ಭಾಗಿಸಿದರೆ, 9 ಭಾಗಿಸು 20, ಅಂದರೆ ಅರ್ಧ ಸೆಕೆಂಡಿಗೂ ಕಡಿಮೆ. ಪಯಣಕ್ಕೆ ಅರ್ಧ ಸೆಕೆಂಡು, ಇಳಿಯುವುದಕ್ಕೆ ಅರ್ಧ ನಿಮಿಷ. ಗಡಿಯಾರವನ್ನು ನಡೆಸುವುದು ಓಡಾಟವಲ್ಲ, ಅಂಟುವ ಮತ್ತು ಕಳಚುವ ಕ್ರಿಯೆಗಳ ವೇಗ. ಪೊರೆಗೆ ಅಂಟಿದ ಮೇಲಂತೂ ಪ್ರೋಟೀನಿನ ಚಲನೆ ನೂರು ಪಟ್ಟು ಅಥವಾ ಅದಕ್ಕಿಂತಲೂ ನಿಧಾನ.

ನಿಮ್ಮ "ಹಿಡಿದಿಡುವ ಉಪಕರಣ" ಇರುವುದು ಇಲ್ಲಿಯೇ. ವಿಸರಣಾಂಕವನ್ನು ಒಂದು ಕಾಲಾವಧಿಯಿಂದ ಗುಣಿಸಿ ವರ್ಗಮೂಲ ತೆಗೆದರೆ ಸಿಗುವುದು ಉದ್ದ. ಉದಾಹರಣೆಗೆ, ಕಳಚಿದ ಪ್ರೋಟೀನಿಗೆ ಮತ್ತೆ ಅಂಟುವ ಶಕ್ತಿ ಬರಲು ಒಂದು ಸೆಕೆಂಡು ಬೇಕೆಂದರೆ, 10ರ ವರ್ಗಮೂಲ, ಸುಮಾರು 3 ಮೈಕ್ರೋಮೀಟರ್. ಐದು ನ್ಯಾನೋಮೀಟರಿನ ವಸ್ತುಗಳಿಂದ ಮೂರು ಮೈಕ್ರೋಮೀಟರಿನ ಗಜಕಡ್ಡಿ ಹುಟ್ಟಿತು. ಅದು ಯಾವ ಪ್ರೋಟೀನಿನ ಮೈಯಲ್ಲಿಯೂ ಗೀಚಿಲ್ಲ. ಎರಡು ವೇಗಗಳ ನಡುವಿನ ಸಂಬಂಧದಲ್ಲಿದೆ. ಒಂದು ನಿಧಾನವಾಗಿ ತನ್ನನ್ನೇ ಬೆಳೆಸಿಕೊಳ್ಳುವುದು, ಇನ್ನೊಂದು ವೇಗವಾಗಿ ಹರಡುವುದು, ಇವೆರಡು ಕೂಡಿದರೆ ಸಮವಾಗಿ ಹರಡಿದ ದ್ರವದಲ್ಲಿ ತಾನಾಗಿ ಪಟ್ಟೆಗಳು ಮೂಡಬಹುದೆಂದು ಅಲನ್ ಟ್ಯೂರಿಂಗ್ 1952ರಲ್ಲಿಯೇ ಗಣಿತದಿಂದ ತೋರಿಸಿದ್ದರು.

ಹೋಲಿಸುವ ಕಣ್ಣಿನ ಕೆಲಸವನ್ನು ಸರಾಸರಿ ಮಾಡುತ್ತದೆ. ಒಂದು ಕ್ಷಣದ ಚಿತ್ರ ತೆಗೆದರೆ ಮಿನ್‌ಡಿ ಎಡಕ್ಕೋ ಬಲಕ್ಕೋ ಇರುತ್ತದೆ. ಹಲವು ಸುತ್ತುಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಎರಡು ತುದಿಗಳು ದಟ್ಟವಾಗಿ, ನಡು ತೆಳುವಾಗಿ ಕಾಣುತ್ತದೆ. ಬಳೆ ಕಟ್ಟುವ ಎಫ್‌ಟಿಎಸ್‌ಝಡ್‌ಗೆ ಎದುರಾಗುವ ತಡೆ ಈ ಸರಾಸರಿಯದು. ನಿಮ್ಮ ನಾಲ್ಕು ಕಮಾನುಗಳ ನಡುವೆ ಉಳಿಯುವ ಚಿಕ್ಕ ಜಾಗಕ್ಕೂ ಇದಕ್ಕೂ ಬಹಳ ದೂರವಿಲ್ಲ. ಮಿನ್ ಒಂದೇ ಅಲ್ಲ, ಡಿಎನ್‌ಎ ಇರುವ ಜಾಗದಲ್ಲಿ ಬಳೆ ಬೀಳದಂತೆ ನೋಡುವ ಬೇರೊಂದು ಏರ್ಪಾಡೂ ಇದೆ. ಅದನ್ನು ಇಲ್ಲಿ ಬಿಡುತ್ತೇನೆ.

ಆಕಾರ ಬದಲಾದರೆ ತಿಳಿಯುತ್ತದೆಯೇ ಎಂದಿರಿ. ವಿಭಜನೆ ನಿಲ್ಲಿಸಿ ಕೋಶವನ್ನು ನೂಲಿನಂತೆ ಉದ್ದ ಬೆಳೆಸಿದರೆ ಎರಡು ತುದಿಗಳ ಓಡಾಟ ಹೋಗಿ, ಸಮ ಅಂತರದಲ್ಲಿ ಹಲವು ಪಟ್ಟೆಗಳು ಸರದಿಯಂತೆ ಹೊತ್ತಿ ಆರುತ್ತವೆ. ನಡುವೆ ತುದಿಯೇ ಇಲ್ಲದ ಜಾಗದಲ್ಲಿಯೂ ಗುಂಪು ಕಟ್ಟುತ್ತದೆ ಎಂದ ಮೇಲೆ ತುದಿಗೆ ವಿಶೇಷ ಗುರುತೇನೂ ಬೇಕಿಲ್ಲವೆಂದಾಯಿತು. 2015ರಲ್ಲಿ ನೆದರ್‌ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಸೀಸ್ ಡೆಕ್ಕರ್ ಅವರ ತಂಡ ಇನ್ನೂ ಮುಂದೆ ಹೋಗಿ, ಜೀವಂತ ಬ್ಯಾಕ್ಟೀರಿಯಗಳನ್ನು ಚೌಕ, ಆಯತ, ತ್ರಿಕೋನ, ವೃತ್ತಾಕಾರದ ಅತಿ ಸಣ್ಣ ಅಚ್ಚುಗಳಲ್ಲಿ ಬೆಳೆಸಿತು. ಡೈ ಮಾಡುವ ನೀವು ಆ ಚಿತ್ರಗಳನ್ನು ಮಗಳಿಂದ ಕೇಳಿ ನೋಡಲೇಬೇಕು. ಆಯತದ ಕೋಶದಲ್ಲಿ ಆಂದೋಲನವು, ಅಂದರೆ ಮಿನ್ ಪ್ರೋಟೀನುಗಳ ಅತ್ತಿತ್ತ ತೂಗುವ ಓಡಾಟವು, ಆಕಾರದ ಸಮ್ಮಿತಿಯ ಅಕ್ಷಗಳನ್ನೇ ಹಿಡಿಯುತ್ತದೆ. ಉದ್ದ ಅಗಲಗಳನ್ನು ಬದಲಿಸುತ್ತಾ ಹೋದರೆ ಅಕ್ಷವೂ ಬದಲಾಗುತ್ತದೆ. ತನ್ನ ಗಜಕಡ್ಡಿಗೆ ಹೊಂದುವ ದಿಕ್ಕು ಯಾವುದೋ ಅದು ಉಳಿಯುತ್ತದೆ, ಹೊಂದದ್ದು ಅಳಿಯುತ್ತದೆ.

ಪ್ರತಿಕ್ರಿಯೆ: ಭೋಸರಿ ಟೂಲ್‌ರೂಮ್, ಪುಣೆ

ಮೇಡಂ, ಎರಡು ಸಲ ಓದಿದೆ, ಮಗಳಿಗೂ ಓದಿಸಿದೆ. ವರ್ಗಮೂಲದಿಂದ ಗಜಕಡ್ಡಿ ಹುಟ್ಟುವ ಮಾತು ನನಗೆ ಹಿಡಿಸಿತು. ಆದರೆ ಒಂದು ಸಂದೇಹ ಉಳಿದಿದೆ. ಮಗಳು ಹೇಳುವಂತೆ ಅವರ ಪಾಠದಲ್ಲಿ "ವಕ್ರತೆಯನ್ನು ಗ್ರಹಿಸುವ ಪ್ರೋಟೀನುಗಳು" ಎಂಬ ಬೇರೆ ಭಾಗವೇ ಇದೆಯಂತೆ. ಅಂದರೆ ತುದಿಯ ಗುಂಡಗಿನ ಮೈಯನ್ನು ಮುಟ್ಟಿ ತಿಳಿಯುವವು. ನಾವು ರೇಡಿಯಸ್ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡುವ ಹಾಗೆ.

ನಾನು ನಂಬದೆ ಲೆಕ್ಕ ಹಾಕಿದೆ. ಕೋಶದ ತುದಿಯ ತ್ರಿಜ್ಯ ಅರ್ಧ ಮೈಕ್ರೋಮೀಟರ್, ಅಂದರೆ 500 ನ್ಯಾನೋಮೀಟರ್. ಪ್ರೋಟೀನಿನ ಅಗಲ 5. ಅಷ್ಟಗಲದ ಜ್ಯಾದ ಕೆಳಗೆ ಕಮಾನು ಎಷ್ಟು ಆಳ ಇಳಿಯುತ್ತದೆ? 5ರ ವರ್ಗವನ್ನು 8 ಗುಣಿಸು 500ರಿಂದ ಭಾಗಿಸಬೇಕು: 25 ಭಾಗಿಸು 4000, ಅಂದರೆ 0.006 ನ್ಯಾನೋಮೀಟರ್. ಒಂದು ಪರಮಾಣುವೇ 0.1 ನ್ಯಾನೋಮೀಟರ್ ಎಂದು ಮಗಳು ಹೇಳುತ್ತಾಳೆ. ಪರಮಾಣುವಿನ ಹದಿನಾರನೆಯ ಒಂದು ಪಾಲು! ಅಷ್ಟು ಸಣ್ಣ ಸಂದನ್ನು ತೋರಿಸುವ ಗೇಜ್ ನಮ್ಮಲ್ಲಿ ಯಾರ ಕಪಾಟಿನಲ್ಲಿಯೂ ಇಲ್ಲ. ಆ ಪ್ರೋಟೀನಿಗೆ ಅದು ಸಮತಟ್ಟು ಸರ್ಫೇಸ್ ಪ್ಲೇಟಿನಂತೆಯೇ ಕಾಣಬೇಕಲ್ಲವೇ? ಹಾಗಿದ್ದರೆ ಆ ಭಾಗವನ್ನು ಪಠ್ಯದಲ್ಲಿ ಇಟ್ಟಿದ್ದು ಏಕೆ?

ಉತ್ತರ: ಡೊಂಬಿವಲಿಯ ಉಪನ್ಯಾಸಕಿ

ಟೂಲ್‌ರೂಮ್ ಅವರ ಲೆಕ್ಕ ಸರಿಯಾಗಿದೆ, ಆದರೆ ಅದರಿಂದ ತೆಗೆದ ತೀರ್ಮಾನ ಅರ್ಧ ಮಾತ್ರ ಸರಿ. ಹಾಗೆಯೇ ಪವಾಯಿಯವರ ಉತ್ತರ ಓದಿದವರಿಗೆ "ಅಳೆಯುವವರು ಎಲ್ಲಿಯೂ ಇಲ್ಲ" ಎಂಬ ಭಾವನೆ ಬರಬಹುದು. ಅದಕ್ಕೂ ಒಂದು ತಡೆ ಹಾಕಬೇಕಾಗಿದೆ.

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯವೂ ಕಡ್ಡಿಯ ಆಕಾರದ್ದೇ, ಅದೂ ನಡುವೆಯೇ ಎರಡಾಗುತ್ತದೆ, ಅದರಲ್ಲಿಯೂ ಮಿನ್‌ಸಿ ಮತ್ತು ಮಿನ್‌ಡಿ ಇವೆ. ಆದರೆ ಮಿನ್‌ಇ ಇಲ್ಲ, ತುದಿಯಿಂದ ತುದಿಗೆ ಓಡಾಟವೂ ಇಲ್ಲ. ಅಲ್ಲಿ ಡಿವ್‌-ಐವಿಎ ಎಂಬ ಪ್ರೋಟೀನು ತುದಿಗಳಲ್ಲಿ ಮತ್ತು ವಿಭಜನೆಯ ಗೋಡೆ ಏಳುವ ಮೂಲೆಯಲ್ಲಿ, ಪೊರೆ ಒಳಗಿನಿಂದ ನೋಡಿದರೆ ತಗ್ಗಾಗಿ ಬಾಗಿರುವ ಕಡೆಯಲ್ಲಿ, ಹೋಗಿ ಕೂರುತ್ತದೆ. ಮಿನ್‌ಜೆ ಎಂಬ ಮಧ್ಯವರ್ತಿಯ ಮೂಲಕ ಮಿನ್‌ಡಿಯನ್ನು ಅಲ್ಲಿ ಹಿಡಿದುಕೊಳ್ಳುತ್ತದೆ. 2009ರಲ್ಲಿ ಎರಡು ಬೇರೆ ಬೇರೆ ತಂಡಗಳು ಇದು ವಕ್ರತೆಯ ಗ್ರಹಿಕೆಯೇ ಎಂದು ವಾದಿಸಿದವು. ಒಂದೇ ಕೆಲಸಕ್ಕೆ ಒಂದು ಬ್ಯಾಕ್ಟೀರಿಯ ತೂಗುಯ್ಯಾಲೆಯನ್ನು ಆರಿಸಿಕೊಂಡಿತು, ಇನ್ನೊಂದು ಕಾವಲುಗಾರನನ್ನು ಕೂರಿಸಿತು.

ನಿಮ್ಮ 0.006 ನ್ಯಾನೋಮೀಟರಿನ ತಡೆಯನ್ನು ಅದು ದಾಟುವುದು ಹೇಗೆಂದರೆ, ಒಂಟಿಯಾಗಿ ಅಳೆಯಲು ಹೋಗುವುದೇ ಇಲ್ಲ. ಹಲವು ಅಣುಗಳು ಒಂದಕ್ಕೊಂದು ಹೆಣೆದುಕೊಂಡು ದೊಡ್ಡ ಗೊಂಚಲಾಗುತ್ತವೆ; ಗೊಂಚಲಿಗೆ ಮೂಲೆಯಲ್ಲಿ ಪೊರೆಯೊಡನೆ ಹೆಚ್ಚು ಸಂಪರ್ಕ ಸಿಗುತ್ತದೆ, ಆದ್ದರಿಂದ ಅಲ್ಲಿ ನೆಲೆ ನಿಲ್ಲುತ್ತದೆ. ನಿಮ್ಮ ಸೂತ್ರದಲ್ಲಿಯೇ ಜ್ಯಾದ ವರ್ಗ ಇದೆಯಲ್ಲ, 5ರ ಬದಲು 100 ನ್ಯಾನೋಮೀಟರಿನ ಗೊಂಚಲನ್ನು ಇಟ್ಟು ನೋಡಿ: 10,000 ಭಾಗಿಸು 4000, ಎರಡೂವರೆ ನ್ಯಾನೋಮೀಟರ್. ಪ್ರೋಟೀನಿನ ಅರ್ಧ ಮೈಯಷ್ಟು ಸಂದು. ಶಿಲೀಂಧ್ರಗಳಲ್ಲಿರುವ ಸೆಪ್ಟಿನ್ ಎಂಬ ಪ್ರೋಟೀನುಗಳೂ ಹೀಗೆಯೇ. ಆಮಿ ಗ್ಲಾಡ್‌ಫೆಲ್ಟರ್ ಅವರ ತಂಡ 2016ರಲ್ಲಿ ಬೇರೆ ಬೇರೆ ಗಾತ್ರದ ಗಾಜಿನ ಮಣಿಗಳಿಗೆ ಪೊರೆ ಹೊದಿಸಿ ಸೆಪ್ಟಿನ್‌ಗಳನ್ನು ಬಿಟ್ಟಾಗ ಅವು 1 ಮೈಕ್ರೋಮೀಟರಿನ ಆಸುಪಾಸಿನ ಮಣಿಗಳನ್ನೇ ಹೆಚ್ಚಾಗಿ ಆರಿಸಿಕೊಂಡವು. ಇದಂತೂ ಅಕ್ಷರಶಃ ರೇಡಿಯಸ್ ಗೇಜ್.

ಇನ್ನೊಂದು ಮಾತು, ಸ್ವಲ್ಪ ಮೇಷ್ಟರಗಿರಿ ಎನಿಸಿದರೆ ಕ್ಷಮಿಸಿ. ನಾವು ಪಾಠ ಹೇಳುವಾಗ "ಗ್ರಹಿಸುತ್ತದೆ", "ಅರಿಯುತ್ತದೆ" ಎಂಬ ಪದಗಳನ್ನು ಧಾರಾಳವಾಗಿ ಬಳಸುತ್ತೇವೆ, ಉತ್ತರಪತ್ರಿಕೆಯಲ್ಲಿ "ಪ್ರೋಟೀನು ಕೋಶದ ನಡುವನ್ನು ಹುಡುಕಿಕೊಂಡು ಹೋಗುತ್ತದೆ" ಎಂದು ಬರೆದವರಿಗೆ ಅಂಕವನ್ನೂ ಕೊಡುತ್ತೇವೆ. ಡಿವ್‌-ಐವಿಎ ವಿಷಯದಲ್ಲಿ ಆ ಪದವನ್ನು ಒಪ್ಪಬಹುದು. ಮಿನ್ ವಿಷಯದಲ್ಲಿ ಅದನ್ನು ಬಳಸಿದರೆ, ಟೂಲ್‌ರೂಮ್ ಅವರು ಕೇಳಿದ ಮೂರು ಪ್ರಶ್ನೆಗಳನ್ನೂ ಮುಚ್ಚಿಹಾಕಿದಂತಾಗುತ್ತದೆ. ಮಗಳು "ಸ್ವಯಂಸಂಘಟನೆ" ಎಂದು ಹೇಳಿ ಎದ್ದುಹೋದದ್ದರಲ್ಲಿ ಅವಳಿಗಿಂತ ನಮ್ಮ ತಪ್ಪೇ ಹೆಚ್ಚು.

ಉತ್ತರ: ಪವಾಯಿ ಕೆರೆದಂಡೆ, ಮುಂಬೈ

ಡೊಂಬಿವಲಿ ಮೇಡಂ ಅವರ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಆದರೆ ವಕ್ರತೆಯನ್ನು ಮುಟ್ಟದೆಯೇ ತುದಿಗೂ ನಡುವಿಗೂ ಇರುವ ವ್ಯತ್ಯಾಸ ತಿಳಿಯುವ ಇನ್ನೊಂದು ದಾರಿಯಿದೆ. ಮೊದಲ ಉತ್ತರದಲ್ಲಿ ಅದನ್ನು ಬಿಟ್ಟದ್ದು ನನ್ನ ತಪ್ಪು. ಅದು ಮೈಯ ವಿಸ್ತೀರ್ಣ ಮತ್ತು ಒಳಗಿನ ಗಾತ್ರ (ಘನಫಲ), ಇವೆರಡರ ಅನುಪಾತ.

ಕೋಶದ ನಡುಭಾಗ ಕೊಳವೆ, ತುದಿ ಅರ್ಧಗೋಳ. ಕೊಳವೆಯಲ್ಲಿ ಪೊರೆಯ ವಿಸ್ತೀರ್ಣವನ್ನು ಒಳಗಿನ ಗಾತ್ರದಿಂದ ಭಾಗಿಸಿದರೆ 2 ಭಾಗಿಸು ತ್ರಿಜ್ಯ. ಅರ್ಧಗೋಳದಲ್ಲಿ 3 ಭಾಗಿಸು ತ್ರಿಜ್ಯ. ಒಂದೂವರೆ ಪಟ್ಟು ಹೆಚ್ಚು. ತುದಿಯಲ್ಲಿ ಪೊರೆಯಿಂದ ಕಳಚಿದ ಪ್ರೋಟೀನಿನ ಸುತ್ತಮುತ್ತ ಇರುವ ಪೊರೆ ನಡುವಿನಲ್ಲಿ ಕಳಚಿದ ಪ್ರೋಟೀನಿನ ಸುತ್ತ ಇರುವುದಕ್ಕಿಂತ ಹೆಚ್ಚು, ಆದ್ದರಿಂದ ಸ್ವಲ್ಪ ಹೊತ್ತಿನಲ್ಲಿ ಅದು ಮತ್ತೆ ಪೊರೆಗೆ ಬಡಿಯುವ ಸಂಭವವೂ ಹೆಚ್ಚು. ಅಣುವಿಗೆ ಗುಂಡಗಿನ ಅರಿವೇ ಬೇಡ. ಗೋಡೆ ಎಷ್ಟು ಸಲ ತಾಗಿತು ಎಂಬುದೇ ಸಾಕು. ಮ್ಯೂನಿಕ್ಕಿನ ಎರ್ವಿನ್ ಫ್ರೈ ಅವರ ತಂಡ 2016ರಲ್ಲಿ ಇದೇ ತತ್ತ್ವದಿಂದ, ವಕ್ರತೆಯ ಗ್ರಹಿಕೆಯನ್ನು ಸೇರಿಸದೆಯೇ, ಕೋಶದ ಆಕಾರವೊಂದರಿಂದಲೇ ಪ್ರೋಟೀನುಗಳು ಜಾಗ ಆರಿಸಿಕೊಳ್ಳಬಲ್ಲವು ಎಂದು ಗಣಿತದ ಮಾದರಿಯಲ್ಲಿ ತೋರಿಸಿತು.

ಜೀವಂತ ಕೋಶವನ್ನು ಪೂರ್ತಿ ತೆಗೆದುಹಾಕಿದರೂ ಇದು ನಡೆಯುತ್ತದೆ ಎಂಬುದು ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಬೆರಗಿನ ಭಾಗ. 2008ರಲ್ಲಿ ಪೆಟ್ರಾ ಶ್ವಿಲ್ಲೆ, ಮಾರ್ಟಿನ್ ಲೂಸ್, ಕಾರ್ಸ್ಟನ್ ಕ್ರೂಸ ಮೊದಲಾದವರು ಗಾಜಿನ ಮೇಲೆ ಪೊರೆಯ ಪದರ ಹಾಸಿ, ಅದರ ಮೇಲೆ ಮಿನ್‌ಡಿ, ಮಿನ್‌ಇ ಮತ್ತು ಎಟಿಪಿಯನ್ನು ಮಾತ್ರ ಬಿಟ್ಟರು. ಅಲೆಗಳು ಎದ್ದವು, ಸುರುಳಿಗಳು ತಿರುಗಿದವು. 2012ರಲ್ಲಿ ಅದೇ ಬಳಗ ಪೊರೆಯನ್ನು ಲೋಹದ ಅಂಚುಗಳಿಂದ ಕತ್ತರಿಸಿ ಉದ್ದನೆಯ ಚೂರುಗಳನ್ನಾಗಿ ಮಾಡಿದಾಗ ಅಲೆಗಳು ಚೂರಿನ ಉದ್ದನೆಯ ದಿಕ್ಕಿಗೆ ತಿರುಗಿಕೊಂಡವು. ಆ ಚೂರುಗಳು ಸಮತಟ್ಟು, ಅಲ್ಲಿ ಗ್ರಹಿಸಲು ವಕ್ರತೆಯೇ ಇರಲಿಲ್ಲ.

ಇಲ್ಲೊಂದು ತೊಡಕೂ ಇತ್ತು. ಗಾಜಿನ ಮೇಲೆ ಎದ್ದ ಅಲೆಗಳ ತರಂಗದೂರ ಕೋಶದಲ್ಲಿ ಕಾಣುವುದರ ಸುಮಾರು ಹತ್ತು ಪಟ್ಟು. ಅದೇ ಪ್ರೋಟೀನು, ಅದೇ ಎಟಿಪಿ, ಆದರೆ ಗಜಕಡ್ಡಿ ಮಾತ್ರ ಬೇರೆ. ಹಲವು ವರ್ಷ ಇದು ಎಲ್ಲರನ್ನೂ ಕಾಡಿತು. ಕೋಶದ್ರವಕ್ಕಿಂತ ತೆಳುವಾದ ದ್ರವದಲ್ಲಿ ವಿಸರಣ ವೇಗವಾಗಿರುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಪೊರೆಯ ಮೇಲೆ ನಿಂತ ದ್ರವದ ಎತ್ತರ. ಕೋಶದೊಳಗೆ ಪೊರೆಯಿಂದ ಪೊರೆಗೆ ಒಂದು ಮೈಕ್ರೋಮೀಟರ್. ಗಾಜಿನ ಮೇಲೆ ಅದರ ಸಾವಿರಾರು ಪಟ್ಟು ಆಳ, ಅಂದರೆ ಕಳಚಿದ ಪ್ರೋಟೀನಿಗೆ ಮೇಲಕ್ಕೆ ಅಲೆಯಲು ಬಯಲೇ ಬಯಲು. ಡೆಲ್ಫ್ಟ್ ಮತ್ತು ಮ್ಯೂನಿಕ್ ತಂಡಗಳು ಕೂಡಿ 2021ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕೋಣೆಯ ಎತ್ತರವನ್ನು ಕೆಲವೇ ಮೈಕ್ರೋಮೀಟರಿನಿಂದ ಹತ್ತಾರು ಮೈಕ್ರೋಮೀಟರಿನವರೆಗೆ ಬದಲಿಸಿದಂತೆಲ್ಲ ವಿನ್ಯಾಸದ ಬಗೆಯೇ ಬದಲಾಯಿತು. ಪೊರೆಯ ಮೇಲೆ ಮೂಡುವ ಚಿತ್ತಾರ ಪೊರೆಗೆ ಎದುರಾಗಿ ಎಷ್ಟು ದ್ರವ ಇದೆ ಎಂಬುದರ ಮೇಲೂ ನಿಂತಿದೆ.

ಹಾಗೆಂದು ಆಕಾರ ಗೊತ್ತಾದರೆ ವಿನ್ಯಾಸವೂ ಗೊತ್ತಾಯಿತು ಎಂದು ತಿಳಿಯಬೇಡಿ. ಡೆಕ್ಕರ್ ಮತ್ತು ಫ್ರೈ ತಂಡಗಳ ಇನ್ನೊಂದು ಅಧ್ಯಯನದಲ್ಲಿ, ಒಂದೇ ಅಳತೆಯ ಅಚ್ಚಿನಲ್ಲಿ ಬೆಳೆದ ಕೋಶಗಳು ಬೇರೆ ಬೇರೆ ವಿನ್ಯಾಸಗಳನ್ನು ಹಿಡಿದು ನಿಂತದ್ದು ಕಂಡುಬಂತು. ಯಾವ ವಿನ್ಯಾಸ ಉಳಿಯುತ್ತದೆ ಎಂಬುದು ಆ ಕೋಶ ಹೇಗೆ ಬೆಳೆದು ಆ ಅಳತೆಗೆ ಬಂತು ಎಂಬುದನ್ನೂ ಅವಲಂಬಿಸಿದೆ. ನೆನಪಿಲ್ಲ ಎಂದಿರಿ ಸರ್, ಒಂದೊಂದು ಅಣುವಿಗೆ ನಿಜಕ್ಕೂ ಇಲ್ಲ. ವಿನ್ಯಾಸಕ್ಕೆ ಸ್ವಲ್ಪ ಇದೆ.

ಪ್ರತಿಕ್ರಿಯೆ: ದೋನಾ ಪಾವುಲಾದಿಂದ, ಗೋವಾ

ನಾನು ಸಮುದ್ರಜೀವಿಗಳ ಕಡೆಯವನು, ಬ್ಯಾಕ್ಟೀರಿಯಗಳ ಕಡೆಯವನಲ್ಲ. ಆದರೂ ಮೈ ಮತ್ತು ಗಾತ್ರದ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಇಷ್ಟು ಚಿಕ್ಕ ಕೋಶದಲ್ಲಿ ಸರಿ, ಇದರ ಹತ್ತಾರು ಪಟ್ಟು ದೊಡ್ಡ ಕೋಶದಲ್ಲಿ, ಅದೂ ಆಕಾರ ಕೆಡುತ್ತಿರುವಾಗ, ಏನಾಗುತ್ತದೆ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ.

ನಕ್ಷತ್ರಮೀನಿನ ಅಂಡಕೋಶ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟಿರುತ್ತದೆ. ಪ್ರಯೋಗಕ್ಕೆ ಬಳಸುವ ಪಟಿರಿಯಾ ಮಿನಿಯಾಟಾ ಎಂಬ ಜಾತಿ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯದು. ನಮ್ಮ ಮಿರಾಮಾರ್ ದಂಡೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದರಲ್ಲಿ ಕೋಶಕೇಂದ್ರ (ನ್ಯೂಕ್ಲಿಯಸ್) ನಡುವಿನಲ್ಲಿರದೆ ಒಂದು ಬದಿಗೆ ಇರುತ್ತದೆ. ಅಂಡವು ಪಕ್ವವಾಗುವ ವಿಭಜನೆಯ ವೇಳೆಗೆ ಅದರ ಹೊರಮೈಯಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸಂಕೋಚನದ ಅಲೆ ಹಾಯುತ್ತದೆ. ನಿಕ್ತಾ ಫಾಖ್ರಿ ಮತ್ತು ಎರ್ವಿನ್ ಫ್ರೈ ಅವರ ತಂಡಗಳು 2021ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಈ ಅಂಡಗಳನ್ನು ಬೇರೆ ಬೇರೆ ಆಕಾರಕ್ಕೆ ಒತ್ತಿ ನೋಡಿದರು, ಆಕಾರ ಕೆಟ್ಟರೂ ಅಲೆ ದಾರಿ ತಪ್ಪಲಿಲ್ಲ.

ಅವರು ಕೊಟ್ಟ ವಿವರಣೆ ಮೂರು ಹಂತದ್ದು. ಕೋಶದ್ರವದಲ್ಲಿ ಕೋಶಕೇಂದ್ರದ ಕಡೆಯಿಂದ ದೂರಕ್ಕೆ ಒಂದು ಪ್ರೋಟೀನಿನ ಸಾಂದ್ರತೆಯ ಇಳಿಜಾರು ಇರುತ್ತದೆ. ಕೋಶದ ಆಕಾರದ ಸುದ್ದಿ ಈ ಇಳಿಜಾರಿನಲ್ಲಿ ಅಡಗಿದೆ. ಪೊರೆಯ ಮೇಲಿರುವ ಒಂದು ನಿಯಂತ್ರಕಕ್ಕೆ ಸ್ವಿಚ್ಚಿನಂತೆ ಎರಡೇ ಸ್ಥಿತಿ. ಇಳಿಜಾರು ಒಂದು ಮಟ್ಟ ದಾಟಿದಲ್ಲಿ ಸ್ವಿಚ್ಚು ಬದಲಾಗುತ್ತದೆ, ಬದಲಾವಣೆಯ ಗಡಿ ಪೊರೆಯ ಮೇಲೆ ಸರಿಯುತ್ತಾ ಹೋಗುತ್ತದೆ. ಆ ಗಡಿ ಹೋದಲ್ಲೆಲ್ಲ ರೋ ಎಂಬ ಕಿಣ್ವ ಕೆರಳಿ ಹೊರಮೈಯನ್ನು ಕುಗ್ಗಿಸುತ್ತದೆ. ಇಲ್ಲಿ ಕೊನೆಯ ಹಂತ ಕೋಶದ ಆಕಾರವನ್ನೇ ಬದಲಿಸುತ್ತದೆ ಎಂಬುದನ್ನು ಗಮನಿಸಿ. ಇ. ಕೋಲೈಗೆ ಗಟ್ಟಿ ಕೋಶಭಿತ್ತಿ ಇರುವುದರಿಂದ ಮಿನ್ ಅಲೆ ಎಷ್ಟು ಸಲ ಬಡಿದರೂ ಗೋಡೆ ಅಲುಗುವುದಿಲ್ಲ, ಅಂಡಕೋಶದಲ್ಲಿ ಓದುವವನೇ ಪುಸ್ತಕದ ಹಾಳೆಯನ್ನು ಮಡಿಸುತ್ತಾನೆ.

ಪ್ರತಿಕ್ರಿಯೆ: ಭೋಸರಿ ಟೂಲ್‌ರೂಮ್, ಪುಣೆ

ಎಲ್ಲರಿಗೂ ವಂದನೆಗಳು. ಒಂದೂವರೆ ಪಟ್ಟಿನ ಲೆಕ್ಕವನ್ನು ಮಗಳೊಂದಿಗೆ ಕೂತು ಕಾಗದದ ಮೇಲೆ ಮಾಡಿದೆ, ಸರಿ ಬಂತು. ಗೊಂಚಲಿನ ಲೆಕ್ಕವನ್ನೂ ಒಪ್ಪಿದೆ. ಜ್ಯಾದ ವರ್ಗವನ್ನು ನಾನೇ ಬರೆದು ನಾನೇ ಮರೆತದ್ದು ನಾಚಿಕೆಯ ಸಂಗತಿ.

ಕೊನೆಯದಾಗಿ ಒಂದೇ ಪ್ರಶ್ನೆ, ಇದನ್ನು ಕೇಳಿದವಳು ಮಗಳು. ಮಿನ್‌ಡಿ ಒಂದು ಸಲಕ್ಕೆ ಒಂದೇ ತುದಿಯಲ್ಲಿ ಇರುತ್ತದೆ ಎಂದಿರಿ. ಬಳೆ ಬಿಗಿದು ನಡುವಿನ ಗೋಡೆ ಮುಚ್ಚುವ ಗಳಿಗೆಯಲ್ಲಿ ಅದೆಲ್ಲವೂ ಎಡಗಡೆ ಇದ್ದುಬಿಟ್ಟರೆ, ಬಲಗಡೆಯ ಮರಿಕೋಶಕ್ಕೆ ಮಿನ್‌ಡಿಯೇ ಇಲ್ಲದೆ ಹೋಗುವುದಿಲ್ಲವೇ? ಶಿಫ್ಟ್ ಬದಲಾಗುವಾಗ ಉಪಕರಣಗಳೆಲ್ಲ ಒಬ್ಬನ ಕಪಾಟಿನಲ್ಲಿ ಉಳಿದ ಹಾಗೆ.

ಉತ್ತರ: ಪವಾಯಿ ಕೆರೆದಂಡೆ, ಮುಂಬೈ

ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಇದು ಪ್ರಯೋಗ ಮಾಡಿ ನೋಡಬೇಕಾದ ಪ್ರಶ್ನೆ, ಮಾಡಿಯೂ ನೋಡಿದ್ದಾರೆ. ಬಾರ್ಬರಾ ಡಿ ವೆಂತುರಾ ಮತ್ತು ವಿಕ್ಟರ್ ಸೊರ್ಜಿಕ್ 2011ರಲ್ಲಿ ವಿಭಜನೆಯ ಕೊನೆಯ ಘಟ್ಟವನ್ನು ಹೀಗೆಯೇ ಹಿಂಬಾಲಿಸಿದರು. ನಡು ಕಿರಿದಾಗುತ್ತಾ ಬಂದಂತೆ ಎರಡು ಅರ್ಧಗಳ ನಡುವೆ ಪ್ರೋಟೀನುಗಳ ಓಡಾಟಕ್ಕೆ ಇಕ್ಕಟ್ಟಾಗುತ್ತದೆ. ಅದರ ಜೊತೆಗೆ ಕಿರಿದಾದ ಜಾಗದ ಎರಡೂ ಕಡೆ ಹೊಸ ತುದಿಗಳು ರೂಪುಗೊಳ್ಳುತ್ತವೆ. ಆಗ ಒಂದು ದೊಡ್ಡ ಆಂದೋಲನ ಮುರಿದು ಎರಡಾಗುತ್ತದೆ: ಎಡ ಅರ್ಧದಲ್ಲಿ ಅದರದೇ ತುದಿಯಿಂದ ಹೊಸ ಗೋಡೆಗೆ, ಬಲ ಅರ್ಧದಲ್ಲಿ ಅದರದೇ ತುದಿಯಿಂದ ಹೊಸ ಗೋಡೆಗೆ. ಗೋಡೆ ಪೂರ್ತಿ ಮುಚ್ಚುವುದಕ್ಕೆ ಮೊದಲೇ ಇದು ಆರಂಭವಾಗುತ್ತದೆ, ಆದ್ದರಿಂದ ಮಿನ್‌ಡಿ ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿರುತ್ತದೆ. ಕಪಾಟಿನ ಬಾಗಿಲು ಮುಚ್ಚುವ ಮೊದಲೇ ಉಪಕರಣಗಳು ಎರಡು ಕಪಾಟುಗಳಿಗೆ ಸೇರಿರುತ್ತವೆ. ಹಂಚಿದವರು ಯಾರೂ ಇಲ್ಲ, ನಡುವಿನ ದಾರಿ ಇಕ್ಕಟ್ಟಾದದ್ದು ಮಾತ್ರ.